ಗುಡ್ಡದಿಂದ ಬಂದ ನಲವತ್ತೊಂದು ಸಾಲು

ಮಾವನಿಗೂ ಅಳಿಯನಿಗೂ ಒಂದೇ ಹುಚ್ಚು, ರೇಡಿಯೋ. ಮಾವ ಎಂದರೆ ತಾಯಿಯ ಒಡಹುಟ್ಟಿದ ತಮ್ಮ. ಗುಡ್ಡದ ಮೇಲಿನ ಹವಾಮಾನ ಕೇಂದ್ರದಲ್ಲಿ ಇಪ್ಪತ್ತಾರು ವರ್ಷಗಳಿಂದ ಮಳೆ ಅಳೆಯುವುದು, ಗಾಳಿಯ ದಿಕ್ಕು ಬರೆದಿಡುವುದು ಅವರ ಕೆಲಸ. ಅಳಿಯ ಕೆಳಗೆ ಪಟ್ಟಣದಲ್ಲಿ ಲಿಫ್ಟ್ ಮೆಕ್ಯಾನಿಕ್. ಇಬ್ಬರೂ ಪರೀಕ್ಷೆ ಬರೆದು ಹವ್ಯಾಸಿ ರೇಡಿಯೋ ಪರವಾನಗಿ ಪಡೆದವರು. ಮಾವ ಒಂದೇ ಸಲಕ್ಕೆ ಪಾಸಾಗಿದ್ದರು, ಅಳಿಯ ಮೂರನೇ ಸಲಕ್ಕೆ. ಆ ಸಂಗತಿಯನ್ನು ನೆಂಟರಿಷ್ಟರ ನಡುವೆ ಎತ್ತಿ ಆಡದೆ ಬಿಟ್ಟರೆ ಮಾವನಿಗೆ ತಿಂದದ್ದು ಜೀರ್ಣವಾಗುತ್ತಿರಲಿಲ್ಲ.

ಬಾಯಿ ಮಾತಿನ ರೇಡಿಯೋ ಸಾಕಾಗಿ ಇಬ್ಬರೂ ಪ್ಯಾಕೆಟ್ ರೇಡಿಯೋ ಕಡೆ ತಿರುಗಿದ್ದರು. ಕಂಪ್ಯೂಟರಿನಲ್ಲಿ ಬರೆದ ಸಾಲನ್ನು ರೇಡಿಯೋ ಕೀಚು ಕೀಚು ಸದ್ದು ಮಾಡಿ ಗಾಳಿಗೆ ಬಿಡುತ್ತದೆ. ದೂರದ ಇನ್ನೊಂದು ರೇಡಿಯೋ ಆ ಸದ್ದನ್ನು ಹಿಡಿಯುತ್ತದೆ, ಅದಕ್ಕೆ ತಗುಲಿಸಿದ ಕಂಪ್ಯೂಟರು ಸದ್ದನ್ನು ಮತ್ತೆ ಸಾಲು ಮಾಡುತ್ತದೆ. ಸದ್ದನ್ನು ಸಾಲು ಮಾಡುವ ಆ ಪ್ರೋಗ್ರಾಮನ್ನು ಅಳಿಯನೇ ಬರೆದಿದ್ದ. ಎರಡು ವರ್ಷದ ಭಾನುವಾರಗಳೆಲ್ಲ ಅದಕ್ಕೆ ಹೋಗಿದ್ದವು. ಪಟ್ಟಣದ ರೇಡಿಯೋ ಕ್ಲಬ್ಬಿನ ಹನ್ನೊಂದು ಜನರೂ ಅದನ್ನೇ ಹಾಕಿಕೊಂಡಿದ್ದರು. ಅವನು ಮೇಲೆ ತೋರಿಸಿಕೊಳ್ಳದಿದ್ದರೂ ಒಳಗೊಳಗೇ ಅದರ ಬಗ್ಗೆ ಹೆಮ್ಮೆ ಪಡುತ್ತಿದ್ದ.

ಕ್ಲಬ್ಬಿನಲ್ಲಿ ಪೋಸ್ಟಮ್ಮ ಎಂದು ಎಲ್ಲರೂ ಕರೆಯುವ ಒಬ್ಬ ಹೆಂಗಸಿದ್ದರು. ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಹೋದ ವರ್ಷ ಒಂದು ದಿನ ಅವರು ಅಳಿಯನಿಗೆ ಹೇಳಿದ್ದರು:

“ನೋಡಪ್ಪ, ನನ್ನ ಹೆಸರನ್ನ ನಮ್ಮ ಅಕ್ಷರದಲ್ಲೇ ಬರೆದು ಕಳಿಸಿದೆ. ಆ ಕಡೆ ಬರೀ ಪ್ರಶ್ನಾರ್ಥಕ ಚಿಹ್ನೆ ಬಂತಂತೆ. ಅರವತ್ತೆಂಟು ವರ್ಷ ಆದ್ಮೇಲೆ ನಾನು ಯಾರು ಅಂತ ಈ ಯಂತ್ರಕ್ಕೆ ಅನುಮಾನ ಬಂದಿದೆಯಾ?”

ಎಲ್ಲರೂ ನಕ್ಕರು. ಅಳಿಯನೂ ನಕ್ಕ. “ರೇಡಿಯೋಗೆ ಇಂಗ್ಲಿಷ್ ಅಕ್ಷರ ಸಾಕು ಬಿಡಿ ಪೋಸ್ಟಮ್ಮ. ನಾವು ಕಳಿಸೋದೇ ನಾಲ್ಕು ಅಂಕಿ, ಎರಡು ಹೆಸರು. ಬಿಡುವಾದಾಗ ನೋಡ್ತೀನಿ.”

ಬಿಡುವು ಆಗಲೇ ಇಲ್ಲ.

ನಾಲ್ಕು ದಿನ ಬಿಡದೆ ಸುರಿದ ಮಳೆಯ ಕೊನೆಗೆ, ಒಂದು ಮಂಗಳವಾರ ಬೆಳಗಿನ ಜಾವ ಗುಡ್ಡದ ಒಂದು ಪಕ್ಕ ಕುಸಿದು ರಸ್ತೆಯ ಮೇಲೆ ಕೂತಿತು. ಆ ರಸ್ತೆ ಅಗಲ ಮಾಡುವ ಕೆಲಸಕ್ಕೆ ಹೋಗಿದ್ದ ಎಪ್ಪತ್ತು ಚಿಲ್ಲರೆ ಜನ ಗುಡ್ಡದ ಮೇಲೆ ಸಿಕ್ಕಿಬಿದ್ದರು. ಅವರ ಗುಡಿಸಲುಗಳಲ್ಲಿ ಅರ್ಧ ಮಣ್ಣಿನಡಿ ಹೋದವು. ಫೋನಿನ ಗೋಪುರ ಉರುಳಿತು. ಜನರೆಲ್ಲ ಬಟ್ಟೆ ಹಿಂಡಿಕೊಳ್ಳುತ್ತ ಮಾವನ ಹವಾಮಾನ ಕೇಂದ್ರದ ಎರಡು ಕೋಣೆಗಳಲ್ಲಿ ಬಂದು ತುಂಬಿಕೊಂಡರು.

ಮಾವನ ರೇಡಿಯೋಗೆ ಹಿಂದಿನ ದಿನವೇ ಸಿಡಿಲು ಬಡಿದಿತ್ತು. ಸಂದೇಶ ಕಳಿಸುವ ಭಾಗ ಉಳಿದಿತ್ತು, ಕೇಳಿಸಿಕೊಳ್ಳುವ ಭಾಗ ಸುಟ್ಟಿತ್ತು. ಬಾಯಿ ಇದೆ, ಕಿವಿಯಿಲ್ಲ. ಆದರೂ ಮಾವ ಕೈಕಟ್ಟಿ ಕೂರುವ ಜಾತಿಯವರಲ್ಲ. ಒಬ್ಬೊಬ್ಬರನ್ನೇ ಮೇಜಿನ ಮುಂದೆ ಕೂರಿಸಿಕೊಂಡು, ಮನೆಯವರ ಫೋನ್ ನಂಬರ್ ಮತ್ತು ಹೇಳಬೇಕಾದ ಮಾತು ಕೇಳಿ, ಮೊದಲು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡು, ಆಮೇಲೆ ಕಂಪ್ಯೂಟರಿನಲ್ಲಿ ಹೊಡೆದು, ಒಂದೊಂದನ್ನೂ ಮೂರು ಮೂರು ಸಲ ಗಾಳಿಗೆ ಬಿಟ್ಟರು. ಮಂಗಳವಾರ ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆಯವರೆಗೆ ಒಟ್ಟು ನಲವತ್ತೊಂದು ಸಂದೇಶ. ಗುಡ್ಡದ ಆ ಮುಖಕ್ಕೆ ನೇರವಾಗಿ ಕಾಣುವುದು ಪಟ್ಟಣವೊಂದೇ, ಪಟ್ಟಣದಲ್ಲಿ ಅಷ್ಟು ಎತ್ತರದ ಆಂಟೆನಾ ಇದ್ದದ್ದು ಅಳಿಯನ ಮನೆಯ ತಾರಸಿಯ ಮೇಲೆ ಮಾತ್ರ.

ಆ ಹೊತ್ತಿಗೆ ಅಳಿಯ ಆಸ್ಪತ್ರೆಯ ಲಿಫ್ಟಿನ ಗುಂಡಿಯೊಳಗೆ ಗ್ರೀಸ್ ಮೆತ್ತಿಕೊಂಡು ನಿಂತಿದ್ದ. ಗುಡ್ಡ ಕುಸಿದ ಸುದ್ದಿ ಬೆಳಿಗ್ಗೆಯೇ ಕಿವಿಗೆ ಬಿದ್ದಿತ್ತು. ಆದರೆ ಮೂರನೇ ಮಹಡಿಗೆ ಸ್ಟ್ರೆಚರ್ ಹೋಗಬೇಕು, ಲಿಫ್ಟ್ ಬಿಟ್ಟು ಬರುವಂತಿರಲಿಲ್ಲ. ಸಂಜೆ ಆರಕ್ಕೆ ಮನೆಗೆ ಓಡಿ ಬಂದಾಗ ತಾಯಿ ಬಾಗಿಲಲ್ಲೇ ನಿಂತಿದ್ದಳು.

“ನಿನ್ನ ಪೆಟ್ಟಿಗೆ ಮಧ್ಯಾಹ್ನದಿಂದ ಕಿರುಚ್ತಾನೇ ಇದೆ ಕಣೋ. ನನ್ನ ತಮ್ಮ ಬದುಕಿದ್ದಾನೆ. ಅವನು ಚಿಕ್ಕಂದಿನಿಂದ್ಲೂ ಹೀಗೇ, ಸುಮ್ನೆ ಇರೋನಲ್ಲ. ಹೋಗು ನೋಡು.”

ಅವನು ಮೂರು ಮೂರು ಮೆಟ್ಟಿಲು ಹಾರಿ ತಾರಸಿಯ ಕೋಣೆಗೆ ಹೋದ. ಪರದೆಯ ಮೇಲೆ, ರೇಡಿಯೋದಲ್ಲಿ ಮಾವನನ್ನು ಗುರುತಿಸುವ ಕರೆಗುರುತು, ಅದರ ಮುಂದೆ ಒಂದರ ಕೆಳಗೊಂದು ಸಾಲುಗಳು. ಮತ್ತೆ ಮತ್ತೆ ಬಂದ ಒಂದೇ ಸಂದೇಶವನ್ನು ಪ್ರೋಗ್ರಾಮು ಒಂದೇ ಸಾಲಾಗಿ ತೋರಿಸುತ್ತಿತ್ತು. ಎಣಿಸಿದ, ನಲವತ್ತೊಂದು. ಹಿಗ್ಗಿನಿಂದ ಕೂಗಬೇಕೆಂದು ಬಾಯಿ ತೆರೆದವನು ಹಾಗೆಯೇ ಕುರ್ಚಿಯ ಮೇಲೆ ಕುಸಿದ. ಪ್ರತಿ ಸಾಲಿನ ಮೊದಲಲ್ಲಿ ಒಂದು ಫೋನ್ ನಂಬರು, ಅದು ಸ್ಪಷ್ಟವಾಗಿತ್ತು. ಅದರ ಮುಂದೆ ಸಾಲಿನ ಉದ್ದಕ್ಕೂ ಪ್ರಶ್ನಾರ್ಥಕ ಚಿಹ್ನೆಗಳು. ನಡುನಡುವೆ ಖಾಲಿ ಜಾಗ, ಒಂದೊಂದು ಪೂರ್ಣವಿರಾಮ, ಅಲ್ಲೊಂದು ಇಲ್ಲೊಂದು ಅಂಕಿ. ಓದುವಂಥ ಒಂದು ಅಕ್ಷರವಿಲ್ಲ.

ಕಾರಣ ಹುಡುಕಲು ಕಷ್ಟಪಡಬೇಕಾಗಿರಲಿಲ್ಲ, ನೋಡಿದ ಕೂಡಲೇ ಅವನಿಗೆ ಗೊತ್ತಾಗಿತ್ತು. ಗಾಳಿಯಲ್ಲಿ ಹೋಗುವುದು ಅಕ್ಷರವಲ್ಲ, ಅಂಕಿ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಅಂಕಿ, ಅದೂ ನೂರಿಪ್ಪತ್ತೇಳರ ಒಳಗೆ. ನಮ್ಮ ಲಿಪಿಯಲ್ಲಿ ಒಂದೊಂದು ಅಕ್ಷರಕ್ಕೂ, ಅದರ ಒಂದೊಂದು ಕೊಂಬಿಗೂ ದೀರ್ಘಕ್ಕೂ ಮೂರು ಮೂರು ಅಂಕಿ ಜೊತೆಯಾಗಿ ಬರಬೇಕು, ಮೂರೂ ನೂರಿಪ್ಪತ್ತೇಳನ್ನು ದಾಟಿದವು. ಪ್ರೋಗ್ರಾಮಿನಲ್ಲಿ ಅವನು ಎಂದೋ ಒಂದು ಸಾಲು ಬರೆದಿದ್ದ: ನೂರಿಪ್ಪತ್ತೇಳು ದಾಟಿದ ಅಂಕಿ ಬಂದರೆ ಅದು ಗಾಳಿಯ ಗದ್ದಲ, ಅದನ್ನು ತೆಗೆದು ಅಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕು. ಬಂದ ಅಂಕಿಗಳನ್ನು ಹಾಗೆಯೇ ಎತ್ತಿಟ್ಟುಕೊಂಡಿದ್ದರೆ ಈಗಲೂ ಅಕ್ಷರ ಮಾಡಬಹುದಿತ್ತು. ಹಳೆಯ ಕಂಪ್ಯೂಟರು, ಜಾಗ ಕಡಿಮೆ ಎಂದು ಅದನ್ನೂ ಇಟ್ಟಿರಲಿಲ್ಲ. ಮಾವ ಕಳಿಸಿದ ಪ್ರತಿ ಅಕ್ಷರವೂ ಅವನ ಮನೆಯವರೆಗೆ ಸರಿಯಾಗಿ ಬಂದು, ಅವನ ಮೇಜಿನ ಮೇಲೆ ಅಳಿಸಿ ಹೋಗಿತ್ತು.

ಮಾವ ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರದಲ್ಲೇ ಮಳೆಯ ಲೆಕ್ಕ ಕಳಿಸುತ್ತಿದ್ದರು. ಹೋದ ತಿಂಗಳಷ್ಟೇ ತಮ್ಮ ಕಂಪ್ಯೂಟರಿಗೆ ನಮ್ಮ ಲಿಪಿ ಹಾಕಿಸಿಕೊಂಡಿದ್ದರು. “ನಮ್ಮ ಮಾತನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆಯೋದು ಅಂದ್ರೆ ಕೈಗವಸು ಹಾಕ್ಕೊಂಡು ಮಗೂನ ಎತ್ತಿಕೊಂಡ ಹಾಗೆ ಕಣೋ” ಎಂದು ಫೋನಿನಲ್ಲಿ ಹೇಳಿದ್ದರು. ಅಳಿಯ ಆಗಲೂ ಹೂಂಗುಟ್ಟಿದ್ದ.

ಅವನು ಪೋಸ್ಟಮ್ಮನಿಗೆ ಫೋನ್ ಮಾಡಿದ. ಆಕೆ ಬಂದು ಕನ್ನಡಕ ಏರಿಸಿ ಪರದೆ ನೋಡಿದರು. ಹೋದ ವರ್ಷದ ಮಾತು ಎತ್ತಲಿಲ್ಲ. ಅದೇ ಅವನಿಗೆ ಇನ್ನೂ ಚುಚ್ಚಿತು.

“ನಂಬರಿಗೆ ಫೋನ್ ಮಾಡೋಣ” ಎಂದರು. “ಸಂದೇಶ ಬಂದಿದೆ ಅನ್ನೋದಾದ್ರೂ ಅವರಿಗೆ ಗೊತ್ತಾಗಲಿ.”

ಅದು ಸರಿಯೋ ತಪ್ಪೋ ಅವನಿಗೆ ಇವತ್ತಿಗೂ ಗೊತ್ತಿಲ್ಲ. ಫೋನ್ ಮಾಡಿದರು. ಅರ್ಧ ಗಂಟೆಯೊಳಗೆ ಸೈಕಲ್ ಅಂಗಡಿಯ ಮೇಲಿನ ಕ್ಲಬ್ಬಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒದ್ದೆ ಕೊಡೆಗಳು ಮೂಲೆಯಲ್ಲಿ ರಾಶಿ ಬಿದ್ದವು. ಮೆಟ್ಟಿಲು ಹತ್ತುವಾಗ ಎಲ್ಲರ ಮುಖದಲ್ಲೂ ಬೆಳಕು. ಅಳಿಯ ಸಾಲುಗಳನ್ನು ಒಂದೊಂದು ಚೀಟಿಗೆ ಪ್ರಿಂಟ್ ಮಾಡಿ ತಂದಿದ್ದ. ಚೀಟಿ ಕೈಗೆ ಸಿಕ್ಕ ಮೇಲೆ ಅವರು ಅದನ್ನು ತಿರುಗಿಸಿ ನೋಡುತ್ತಿದ್ದರು, ಹಿಂಬದಿಯಲ್ಲಿ ಏನಾದರೂ ಇದೆಯೇನೋ ಎಂಬಂತೆ.

ಇಬ್ಬರು ಗಂಡುಮಕ್ಕಳನ್ನು ಗುಡ್ಡದ ಕೆಲಸಕ್ಕೆ ಕಳಿಸಿದ್ದ ಒಬ್ಬ ಮುದುಕ ಬಂದಿದ್ದ. ಅವನ ನಂಬರಿಗೆ ಬಂದದ್ದು ಒಂದೇ ಸಂದೇಶ.

“ಇದು ದೊಡ್ಡೋನು ಬರೆಸಿದ್ದೋ ಚಿಕ್ಕೋನು ಬರೆಸಿದ್ದೋ?”

“ಗೊತ್ತಾಗ್ತಿಲ್ಲ ತಾತ.”

“ಇಬ್ಬರೂ ಇದ್ದಿದ್ರೆ ಇಬ್ಬರ ಹೆಸರೂ ಇರುತ್ತಲ್ಲ. ಇದ್ರಲ್ಲಿ ಎಷ್ಟು ಹೆಸರು ಇದೆ ನೋಡಿ ಹೇಳಪ್ಪ.”

ಅಳಿಯ ಚಿಹ್ನೆಗಳನ್ನು ಎಣಿಸಿದ. ಮೂರಕ್ಕೊಂದರಂತೆ ಭಾಗಿಸಿದ. ಖಾಲಿ ಜಾಗಗಳ ಲೆಕ್ಕದಲ್ಲಿ ಏಳು ಪದ. ಅದರಲ್ಲಿ ಯಾವುದು ಹೆಸರು, ಯಾವುದು ಅಳು, ಯಾವುದು ಬರೀ ‘ಅಪ್ಪ’ ಎನ್ನುವ ಪದ, ಹೇಳುವುದು ಹೇಗೆ? ಮುದುಕ ಅವನ ಬೆರಳನ್ನೇ ನೋಡುತ್ತ ನಿಂತಿದ್ದ. ಅಳಿಯನಿಗೆ ತಲೆ ಎತ್ತಲಾಗಲಿಲ್ಲ.

ಕೆಳಗಿನ ಸೈಕಲ್ ಅಂಗಡಿಯವನು ಅವನನ್ನು ಪಕ್ಕಕ್ಕೆ ಕರೆದ. “ಎಲ್ಲರೂ ಚೆನ್ನಾಗಿದ್ದಾರಂತೆ ಅಂದ್ಬಿಡಿ ಸ್ವಾಮಿ. ಏನು ಗಂಟು ಹೋಗುತ್ತೆ? ಇವತ್ತೊಂದು ದಿನ ನೆಮ್ಮದಿಯಾಗಿ ಊಟ ಮಾಡ್ತಾರೆ.”

ಪೋಸ್ಟಮ್ಮನ ಕಿವಿಗೆ ಅದು ಬಿತ್ತು. “ಹರಿದಿರೋ ಕಾಗದ ಕೊಟ್ಟಿದ್ದೀನಿ, ನೆನೆದಿರೋ ಕಾಗದ ಕೊಟ್ಟಿದ್ದೀನಿ. ಯಾರೂ ಬರೆಯದೆ ಇರೋ ಕಾಗದ ಮಾತ್ರ ಯಾರ ಕೈಗೂ ಕೊಟ್ಟಿಲ್ಲ. ಈಗಲೂ ಕೊಡೋದಿಲ್ಲ” ಎಂದರು.

ಕೊನೆಗೆ ಬಂದದ್ದು ಟೈಲರಮ್ಮ. ಕೊರಳಿನಲ್ಲಿ ಅಳತೆ ಟೇಪು ಹಾಗೆಯೇ ನೇತಾಡುತ್ತಿತ್ತು, ಹೊಲಿಗೆ ಯಂತ್ರದಿಂದ ಎದ್ದವಳೇ ಓಡಿ ಬಂದಿದ್ದಳು. ಅವಳ ಗಂಡ ರಸ್ತೆ ಕೆಲಸದಲ್ಲಿ ರೋಲರ್ ಓಡಿಸುವವನು.

“ಏನಂತೆ? ಹೇಗಿದ್ದಾರಂತೆ?”

“ಓದೋಕಾಗ್ತಿಲ್ಲ ಅಕ್ಕ. ಸಂದೇಶ ಬಂದಿದೆ, ಅಕ್ಷರ ಬಂದಿಲ್ಲ.”

“ಅಕ್ಷರ ಇಲ್ದೆ ಸಂದೇಶ ಹೇಗೆ ಬರುತ್ತೆ?”

“ಅಲ್ಲಿಂದ ಸರಿಯಾಗೇ ಬಂತು. ನನ್ನ ಹತ್ರ ಬಂದು ಕೆಟ್ಟುಹೋಯ್ತು.”

ಅವಳು ಚೀಟಿಯನ್ನು ದೀಪದ ಬೆಳಕಿಗೆ ಹಿಡಿದಳು. ಚಿಹ್ನೆಗಳ ನಡುವೆ ಒಂದು ಕಡೆ ಎರಡು ಎಂಬ ಅಂಕಿ ಒಂಟಿಯಾಗಿ ಕೂತಿತ್ತು. ಅವಳ ಮುಖ ಸಡಿಲವಾಯಿತು.

“ಇದು ಎರಡಲ್ವಾ? ಎರಡು ದಿನದಲ್ಲಿ ಬರ್ತೀನಿ ಅಂತ! ಅವರು ಎಲ್ಲಿಗೆ ಹೋದ್ರೂ ಹೀಗೇ. ಇಷ್ಟು ದಿನದಲ್ಲಿ ಬರ್ತೀನಿ ಅಂತ ಹೇಳದೆ ಹೊಸ್ತಿಲು ದಾಟೋ ಮನುಷ್ಯ ಅಲ್ಲ.”

“ಇರಬಹುದು ಅಕ್ಕ. ಆದ್ರೆ...”

ಅವಳು ಆಗಲೇ ಚೀಟಿಯನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ‘ಆದರೆ’ಯ ಮುಂದಿನ ಮಾತು ಅವನ ಬಾಯಲ್ಲೇ ಉಳಿಯಿತು. ಎರಡು ಎಂದರೆ ಇಬ್ಬರಿರಬಹುದು, ಎರಡು ಗಂಟೆ ಇರಬಹುದು, ಎರಡು ಕಾಲೂ ಇರಬಹುದು. ಅದನ್ನು ಅವಳ ಮುಂದೆ ಹೇಳುವಷ್ಟು ಗಟ್ಟಿ ಎದೆ ಅವನಿಗಿರಲಿಲ್ಲ.

ಬುಧವಾರ ಬೆಳಿಗ್ಗೆ ಐದಕ್ಕೇ ಎದ್ದು ಅವನು ಪ್ರೋಗ್ರಾಮ್ ಬಿಚ್ಚಿಕೊಂಡು ಕೂತ. ತಿದ್ದುವುದು ದೊಡ್ಡ ಕೆಲಸವೇನಲ್ಲ. ಮೂರು ಮೂರು ಅಂಕಿಯನ್ನು ಸೇರಿಸಿ ಅಕ್ಷರ ಮಾಡು ಎಂದು ಹೇಳಬೇಕು, ಅಷ್ಟೆ. ಏಳು ಗಂಟೆಗೆ ಮುಗಿಯಿತು. ತನ್ನದೇ ಎರಡು ಸಾಲು ಹೊಡೆದು ನೋಡಿದ, ಅಕ್ಷರಗಳು ಮುತ್ತಿನ ಹಾಗೆ ಬಂದವು. ಗದ್ದಲ ಒಳಗೆ ನುಸುಳಬಾರದೆಂದು ಇನ್ನೊಂದು ಕಾವಲನ್ನೂ ಹಾಕಿದ: ಒಂದೇ ಒಂದು ಅಕ್ಷರ ಸರಿಯಾಗಿ ಕೂಡದಿದ್ದರೂ ಆ ಪ್ಯಾಕೆಟ್ಟನ್ನು, ಅಂದರೆ ಒಂದೇ ಸಲಕ್ಕೆ ಬಂದ ಅಂಕಿಗಳ ಕಟ್ಟನ್ನು, ಪೂರ್ತಿ ಎಸೆ. ಬಂದ ಅಂಕಿಗಳನ್ನು ಎತ್ತಿಡುವ ಏರ್ಪಾಡನ್ನು ಕೆಲಸಕ್ಕೆ ಹೋಗಿ ಬಂದ ಮೇಲೆ ಸಂಜೆ ಮಾಡಿದರಾಯಿತು ಎಂದುಕೊಂಡ. ಆತುರದಲ್ಲಿ ಅದು ತಪ್ಪೆಂದು ಹೊಳೆಯಲಿಲ್ಲ.

ಎಂಟಕ್ಕೆ ರೇಡಿಯೋ ಕೀಚುಗುಟ್ಟಿತು. ತಾಯಿ ಪಕ್ಕದಲ್ಲಿ ಕೂತು ಸೆರಗು ಬಾಯಿಗೆ ಒತ್ತಿ ಹಿಡಿದಿದ್ದಳು. ಒಂದು ಸಾಲು ಮೂಡಿತು: ‘ಅಮ್ಮಾ, ನಾನು ಚೆನ್ನಾಗಿದ್ದೇನೆ, ಅಳಬೇಡ.’ ಇನ್ನೊಂದು. ಮತ್ತೊಂದು. ಒಟ್ಟು ಐದು, ಎಲ್ಲವೂ ಚಿಕ್ಕವು. ಆಮೇಲೆ ಸದ್ದು ಬರುತ್ತಲೇ ಇತ್ತು, ಉದ್ದುದ್ದ ಸದ್ದು, ಪರದೆ ಮಾತ್ರ ಅಲ್ಲಾಡಲಿಲ್ಲ. ಎಲ್ಲ ನಿಂತ ಮೇಲೆ ಮೂಲೆಯಲ್ಲಿ ಪುಟ್ಟ ಅಕ್ಷರದಲ್ಲಿ ಬರೆದದ್ದು ಅವನ ಕಣ್ಣಿಗೆ ಬಿತ್ತು: ‘ಎಸೆದದ್ದು: 7.’

ಒಂದು ಪ್ಯಾಕೆಟ್ಟಿನಲ್ಲಿ ಹಿಡಿಸುವುದು ಇನ್ನೂರ ಐವತ್ತಾರು ಅಂಕಿ. ಮಾವ ಉದ್ದದ್ದೇನನ್ನೋ ಬರೆದಿದ್ದಾರೆ, ಅವರ ಯಂತ್ರ ಅದನ್ನು ಇನ್ನೂರ ಐವತ್ತಾರಕ್ಕೆ ಕತ್ತರಿಸಿ ಕತ್ತರಿಸಿ ಕಳಿಸಿದೆ. ಕತ್ತರಿ ಬಿದ್ದ ಕಡೆಯಲ್ಲೆಲ್ಲ ಒಂದು ಅಕ್ಷರ ತುಂಡಾಗಿದೆ, ಅದರ ಚೂರು ಈ ಪ್ಯಾಕೆಟ್ಟಿನಲ್ಲಿ, ಉಳಿದದ್ದು ಮುಂದಿನದರಲ್ಲಿ. ಅವನ ಕಾವಲು ಆ ಚೂರನ್ನು ನೋಡಿ, ಸರಿಯಾಗಿದ್ದ ಎಂಬತ್ತು ಅಕ್ಷರಗಳನ್ನೂ ಸೇರಿಸಿ ಹೊರಗೆ ಎಸೆದಿತ್ತು. ಹಾಗೆ ಏಳು ಸಲ.

“ಏನಾಯ್ತೋ?” ಎಂದಳು ತಾಯಿ.

“ಮತ್ತೆ ಕೆಡಿಸಿಬಿಟ್ಟೆ ಅಮ್ಮ.”

“ಮತ್ತೆ ಕಳಿಸು ಅಂತ ಅವನಿಗೆ ಹೇಳು.”

“ಅವರಿಗೆ ಕೇಳಿಸಲ್ಲ. ನಿನ್ನೆಯಿಂದ ನೂರು ಸಲ ಕರೆದಿದ್ದೀನಿ. ಒಂದಕ್ಕೂ ಜವಾಬಿಲ್ಲ.”

ತಾಯಿ ಅವನ ಬೆನ್ನ ಮೇಲೆ ಕೈಯಿಟ್ಟಳು. ಅವನು ಇಲ್ಲೇ ಕಿರುಚಿದರೂ ಅಲ್ಲಿಗೆ ಮುಟ್ಟುವುದಿಲ್ಲ. ಮಾವ ಮಾತ್ರ ಎಲ್ಲ ತಲುಪುತ್ತಿದೆ ಎಂದೇ ನಂಬಿಕೊಂಡು ಮೀಸೆಯ ಮೇಲೆ ಕೈಯಾಡಿಸುತ್ತಿರುತ್ತಾರೆ.

ಅವತ್ತು ಅವನು ಕೆಲಸಕ್ಕೆ ಹೋಗಲಿಲ್ಲ. ತುಂಡು ಅಕ್ಷರವನ್ನು ಮುಂದಿನ ಪ್ಯಾಕೆಟ್ಟಿನವರೆಗೆ ಹಿಡಿದಿಟ್ಟುಕೊಂಡು ಜೋಡಿಸುವಂತೆ, ಬಂದದ್ದನ್ನೆಲ್ಲ ಅಂಕಿಯಾಗಿಯೇ ಎತ್ತಿಡುವಂತೆ, ಏನನ್ನೂ ಎಸೆಯದಂತೆ ಪ್ರೋಗ್ರಾಮನ್ನು ತಿದ್ದಿದ. ಈ ಸಲ ಪೋಸ್ಟಮ್ಮ ಪಕ್ಕದಲ್ಲೇ ಕೂತು ತಪ್ಪು ಸಾಲು, ಅರ್ಧ ಸಾಲು, ಬೇಕೆಂದೇ ಕೆಡಿಸಿದ ಸಾಲುಗಳನ್ನು ಹೊಡೆದು ಹೊಡೆದು ನೋಡಿದರು. ಸಂಜೆ ನಾಲ್ಕಕ್ಕೆ ಮಾವ ಕಳಿಸುತ್ತಾರೆಂದು ಕಾದರು. ಬರಲಿಲ್ಲ. ಗುರುವಾರ ಬೆಳಿಗ್ಗೆ ಎಂಟಕ್ಕೆ ರೇಡಿಯೋ ಒಮ್ಮೆ ಕ್ಷೀಣವಾಗಿ ಸದ್ದು ಮಾಡಿತು. ಒಂದೇ ಒಂದು ಸಾಲು. ಕೊಂಬು, ದೀರ್ಘ, ಒತ್ತು ಯಾವುದೂ ತಪ್ಪದೆ ಬಂದಿತ್ತು:

‘ಬ್ಯಾಟರಿ ಮುಗಿಯಿತು. ಹೇಳಬೇಕಾದದ್ದೆಲ್ಲ ಕಳಿಸಿದ್ದೇನೆ. ನಿಶ್ಚಿಂತೆಯಿಂದಿರಿ.’

ಆಮೇಲೆ ಗುಡ್ಡ ಮೌನವಾಯಿತು.

ಅವನು ಎಲ್ಲ ಚೀಟಿಗಳ ನಕಲು ಹಿಡಿದುಕೊಂಡು ಪರಿಹಾರ ಕಚೇರಿಗೆ ಹೋದ. ಅಲ್ಲಿನ ಅಧಿಕಾರಿ ಎರಡು ದಿನದಿಂದ ಮುಖ ತೊಳೆದಿರದ ಮನುಷ್ಯ. ಗಡ್ಡ ಕೆರೆದುಕೊಳ್ಳುತ್ತ ಚೀಟಿಗಳನ್ನು ಒಂದೊಂದಾಗಿ ನೋಡಿದ.

“ಶನಿವಾರ ಹೆಲಿಕಾಪ್ಟರ್ ಹೋಗುತ್ತೆ. ಅಲ್ಲಿ ಇಳಿಯೋಕೆ ಜಾಗ ಇಲ್ಲ, ಮೇಲಿಂದ ಮೂಟೆ ಹಾಕ್ತಾರೆ. ಏನು ಬೇಕು ಅಂತ ಅವರು ಹೇಳಿದ್ದಾರಾ?”

“ಹೇಳಿದ್ದಾರೆ ಸಾರ್. ಏಳು ಪ್ಯಾಕೆಟ್ ತುಂಬ ಹೇಳಿದ್ದಾರೆ. ನಾನು ಕಳ್ಕೊಂಡೆ.”

“ಇದರಲ್ಲಿ?”

“ಇದನ್ನ ಓದೋಕಾಗಲ್ಲ.”

ಅಧಿಕಾರಿ ಸಿಡುಕಲಿಲ್ಲ. ಸಿಡುಕಿದ್ದರೆ ಅಳಿಯನಿಗೆ ಒಂದಿಷ್ಟು ಹಗುರವಾಗುತ್ತಿತ್ತೋ ಏನೋ. “ನೀವೇ ಹೇಳಿ, ಪ್ರಶ್ನಾರ್ಥಕ ಚಿಹ್ನೆ ಇಟ್ಕೊಂಡು ನಾನು ಯಾವ ಮೂಟೆ ಕಟ್ಟಿಸ್ಲಿ?” ಎಂದು ಮೆಲ್ಲಗೆ ಕೇಳಿದ. “ಅಕ್ಕಿ, ಕಂಬಳಿ, ಜ್ವರದ ಮಾತ್ರೆ, ಗಾಯದ ಪಟ್ಟಿ. ಎಲ್ಲ ಕಡೆಗೂ ಕಳಿಸೋದು ಅದೇ. ಒಂದು ಸಾಲು ಓದೋ ಹಾಗಿದ್ರೆ ಯಾವ ಹೊತ್ತಲ್ಲಾದ್ರೂ ಬನ್ನಿ, ಮೂಟೆಗೆ ಸೇರಿಸ್ತೀನಿ.”

ಹಿಂದಿರುಗುವಾಗ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಟೈಲರಮ್ಮ ಕೂತಿದ್ದಳು. ಗಂಡನಿಗೆಂದು ಇಸ್ತ್ರಿ ಮಾಡಿದ ಒಂದು ಅಂಗಿಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಅವತ್ತು ಎರಡನೇ ದಿನ. ಗುಡ್ಡದ ಕಡೆಯಿಂದ ಬಸ್ಸೇ ಇಲ್ಲವೆಂದು ನಿಲ್ದಾಣದವರು ಹೇಳಿದ್ದರೂ ಅವಳು ಎದ್ದಿರಲಿಲ್ಲ.

ಅಳಿಯ ಎರಡು ಲೋಟ ಚಹಾ ತಂದು ಪಕ್ಕದಲ್ಲಿ ಕೂತ.

“ದಾರಿ ಇಲ್ದೆ ತಡ ಆಗಿರುತ್ತೆ” ಎಂದಳು ಅವಳು. “ನಡೆದು ಬರ್ತಿರ್ತಾರೆ. ಒದ್ದೆಯಾಗಿ ಬರ್ತಾರಲ್ಲ, ಅದಕ್ಕೇ ಅಂಗಿ ತಂದೆ.”

“ಮನೆಗೆ ಹೋಗಿ ಅಕ್ಕ. ಸುದ್ದಿ ಬಂದ್ರೆ ನಾನೇ ಓಡಿ ಬರ್ತೀನಿ.”

“ಸುದ್ದಿ ಬಂದಿದೆಯಲ್ಲ” ಎಂದು ಅವಳು ಸೊಂಟ ಮುಟ್ಟಿಕೊಂಡಳು.

ಅವನು ಚಹಾ ಕುಡಿದು ಎದ್ದ. ಆ ಸುದ್ದಿಯಲ್ಲಿ ಏನಿದೆಯೆಂದು ತನಗೆ ಗೊತ್ತಿಲ್ಲ ಎಂದು ಇನ್ನೊಂದು ಸಲ ಹೇಳಬೇಕಿತ್ತು. ಹೇಳಲಿಲ್ಲ.

ಶನಿವಾರ ಹೆಲಿಕಾಪ್ಟರ್ ಹೋಯಿತು. ಅಕ್ಕಿ, ಕಂಬಳಿ, ಜ್ವರದ ಮಾತ್ರೆ, ಗಾಯದ ಪಟ್ಟಿ. ಮುಂದಿನ ಬುಧವಾರ ಮಣ್ಣು ಸರಿಸಿ ಕಾಲುದಾರಿ ಮಾಡಿದರು. ಅಂದೇ ಜನ ಸಾಲಾಗಿ ಇಳಿದು ಬಂದರು. ಮುದುಕನ ಇಬ್ಬರು ಮಕ್ಕಳೂ ಬಂದರು, ಒಬ್ಬನ ತೋಳಿಗೆ ಕೋಲು ಕಟ್ಟಿತ್ತು. ರೋಲರ್ ಡ್ರೈವರನನ್ನು ನಾಲ್ಕು ಜನ ಕಂಬಳಿಯಲ್ಲಿ ಹೊತ್ತು ತಂದರು. ಅವನು ಎರಡು ದಿನ ಮೊದಲು, ಸೋಮವಾರವೇ ತೀರಿಕೊಂಡಿದ್ದ.

ಮಾವ ಇಳಿದದ್ದು ಎಲ್ಲರಿಗಿಂತ ಕೊನೆಗೆ, ಗುರುವಾರ ಮಧ್ಯಾಹ್ನ. ಮೊಣಕಾಲು ಊದಿಕೊಂಡಿತ್ತು, ಗಡ್ಡ ಬೆಳೆದಿತ್ತು. ಅಕ್ಕನ ಮನೆಯ ಹೊಸ್ತಿಲಲ್ಲಿ ನಿಂತು, “ಪೋಸ್ಟಾಫೀಸೇ ನಡೆಸಿಬಿಟ್ಟೆ ಕಣೇ ಅಕ್ಕ! ಒಂದೇ ಕೈಯಲ್ಲಿ!” ಎಂದರು. ತಾಯಿ ಅವರ ತಲೆ ನೇವರಿಸಿದಳು. ಅಳಿಯ ಒಳಗಿನ ಬಾಗಿಲಿಗೆ ಒರಗಿ ನಿಂತಿದ್ದ.

ಮಾವ ಬಿಸಿನೀರಿಗೆ ಕಾಲು ಇಳಿಬಿಟ್ಟುಕೊಂಡು ಕೂತರು. “ಒಂದು ಮಾತ್ರ ನನಗೆ ಬಗೆಹರೀಲಿಲ್ಲ ಕಣೋ. ಆ ಡ್ರೈವರಿಗೆ ಸಕ್ಕರೆ ಕಾಯಿಲೆ. ದಿನಾ ಇನ್ಸುಲಿನ್ ಚುಚ್ಕೊಳ್ಳದಿದ್ರೆ ಆಗಲ್ಲ. ಅವನ ಪೆಟ್ಟಿಗೆ ಗುಡಿಸಲ ಜೊತೆ ಮಣ್ಣಿನಡಿ ಹೋಯ್ತು, ಜೇಬಲ್ಲಿದ್ದ ಒಂದು ಸೀಸೆ ಉಳಿದಿತ್ತು. ಬುಧವಾರದ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಅದನ್ನೇ ಬರೆದೆ. ಹೆಲಿಕಾಪ್ಟರಿನೋರು ಕಂಬಳಿ ಹಾಕಿದ್ರು. ನಾನು ಒಂದೊಂದು ಮೂಟೇನೂ ಬಿಚ್ಚಿ ಕೊಡವಿ ನೋಡಿದೆ. ಆಫೀಸಿನೋರು ಯಾಕೋ ಮರೆತರು?”

“ಮರೀಲಿಲ್ಲ ಮಾವ” ಎಂದ ಅಳಿಯ. “ಅವರಿಗೆ ಗೊತ್ತೇ ಇರ್ಲಿಲ್ಲ.”

“ಗೊತ್ತಿಲ್ಲ ಅಂದ್ರೆ? ಮೂರು ಸಲ ಕಳಿಸಿದ್ದೀನಿ!”

ಅಳಿಯ ನಿಂತಲ್ಲೇ ನಿಂತು ಎಲ್ಲವನ್ನೂ ಹೇಳಿದ. ಮೊದಲ ದಿನದ ನಲವತ್ತೊಂದು, ಎರಡನೇ ದಿನದ ಏಳು. ಮಾವ ಅರ್ಥವಾಗದವರ ಹಾಗೆ ಕೇಳುತ್ತಿದ್ದರು. ಆದರೆ ರೇಡಿಯೋ ಗೊತ್ತಿದ್ದವರು, ಅವರಿಗೆ ಅರ್ಥವಾಗದೆ ಇರಲು ಸಾಧ್ಯವೇ ಇರಲಿಲ್ಲ. ಪಾದಗಳು ನೀರಿನಲ್ಲಿ ಅಲ್ಲಾಡುವುದನ್ನು ನಿಲ್ಲಿಸಿದವು.

“ಹಾಗಾದ್ರೆ ಏನೂ ತಲುಪಲಿಲ್ವಾ?”

“ಐದು ಚಿಕ್ಕವು ಬಂದ್ವು. ಆಮೇಲೆ, ಬ್ಯಾಟರಿ ಮುಗೀತು, ನಿಶ್ಚಿಂತೆಯಿಂದಿರಿ ಅನ್ನೋದು ಬಂತು.”

ಮಾವ ಗೋಡೆಯ ಕಡೆ ನೋಡಿದರು. “ಇಂಗ್ಲಿಷಲ್ಲಿ ಹೊಡೀಬಹುದಿತ್ತು” ಎಂದರು. “ಒಂದೇ ಒಂದು ಪದ. ಔಷಧಿ ಹೆಸರು. ನನಗೆ ಗೊತ್ತಿಲ್ದೆ ಏನಲ್ಲ.”

“ನಿಮ್ಮ ತಪ್ಪಲ್ಲ. ಪೋಸ್ಟಮ್ಮ ಹೋದ ವರ್ಷವೇ ಹೇಳಿದ್ರು.”

“ನಾನೂ ಒಂದು ಸಲ ಪರೀಕ್ಷೆ ಮಾಡಿ ನೋಡಬೇಕಿತ್ತು.”

“ಇಬ್ಬರೂ ಸುಮ್ನಿರಿ” ಎಂದಳು ತಾಯಿ. “ತಪ್ಪನ್ನ ಹಂಚ್ಕೊಂಡ್ರೆ ಆ ಹೆಂಗಸಿಗೆ ಏನು ಬರುತ್ತೆ?”

ಮಾರನೆಯ ದಿನ ಮಾವ ತಮ್ಮ ನೋಟ್‌ಬುಕ್ ಹಿಡಿದು ಕುಂಟುತ್ತ ಕ್ಲಬ್ಬಿಗೆ ಬಂದರು. ಪೋಸ್ಟಮ್ಮ ಕುರ್ಚಿ ಎಳೆದು ಕೊಟ್ಟರು. ಸಂದೇಶಗಳೆಲ್ಲ ಪೆನ್ಸಿಲಿನಲ್ಲಿ ಅಚ್ಚುಕಟ್ಟಾಗಿದ್ದವು. ಎಲ್ಲವನ್ನೂ ಅವರವರಿಗೆ ಓದಿ ಹೇಳಲೇಬೇಕೆಂದು ಮಾವ ಹಟ ಹಿಡಿದಿದ್ದರು.

ಹನ್ನೊಂದು ಗಂಟೆಯ ಹೊತ್ತಿಗೆ ಟೈಲರಮ್ಮ ಮೆಟ್ಟಿಲು ಹತ್ತಿ ಬಂದಳು. ಯಾರೂ ಕರೆದಿರಲಿಲ್ಲ. ನೋಟ್‌ಬುಕ್ ಇದೆಯೆಂದು ಯಾರಿಂದಲೋ ತಿಳಿದಿತ್ತು. ಕೂರಿ ಎಂದರೆ ಕೂರಲಿಲ್ಲ.

“ಅವರು ಏನು ಬರೆಸಿದ್ರು, ಅದನ್ನ ಓದಿ.”

ಮಾವ ಹಾಳೆ ತಿರುಗಿಸಿದರು. ನೋಟ್‌ಬುಕ್ಕನ್ನು ಅಳಿಯನ ಕಡೆ ನೂಕಿದರು. ಅಳಿಯ ಓದಿದ:

“‘ಪೆಟ್ಟಿಗೆ ಹೋಯಿತು. ಔಷಧಿ 2 ದಿನಕ್ಕೆ ಮಾತ್ರ ಇದೆ. ಆಫೀಸಿನವರಿಗೆ ಹೇಳಿ ಕಳಿಸು. ಹೆದರಬೇಡ.’”

ಅವಳು ಇನ್ನೊಂದು ಸಲ ಓದಿ ಎಂದಳು. ಅವನು ಇನ್ನೊಂದು ಸಲ ಓದಿದ.

“ನಾನು ಬಸ್ ನಿಲ್ದಾಣದಲ್ಲಿ ಕೂತಿದ್ದೆ” ಎಂದಳು ಅವಳು.

“ತಪ್ಪು ನಂದು ಅಕ್ಕ. ಪೂರ್ತಿ ನಂದು.”

“ನೀವು ಓದೋಕಾಗಲ್ಲ ಅಂದ್ರಿ. ನಾನೇ ಓದ್ಕೊಂಡೆ.” ಅವಳ ಕಣ್ಣಲ್ಲಿ ನೀರಿರಲಿಲ್ಲ. “ಓದೋಕಾಗಲ್ಲ ಅಂತ ನೀವು ಜೋರಾಗಿ ಹೇಳಬೇಕಿತ್ತು. ಬೈದಾದ್ರೂ ಹೇಳಬೇಕಿತ್ತು. ಔಷಧಿ ಇದೆಯೋ ಇಲ್ವೋ ಅಂತ ನನಗೆ ಒಂದು ಸಲ ಯೋಚನೆ ಬಂದಿರೋದು.”

ಅಳಿಯ ತಲೆ ತಗ್ಗಿಸಿದ. ಕ್ಷಮಿಸಿ ಎನ್ನುವ ಪದ ಬಾಯಿಗೆ ಬಂತು, ಅದು ಎಷ್ಟು ಚಿಕ್ಕದೆಂದರೆ ಆಡಲು ನಾಚಿಕೆಯಾಯಿತು. ಪೋಸ್ಟಮ್ಮ ಎದ್ದು ಅವಳ ತೋಳು ಹಿಡಿದರು. ಅವಳು ಮೆಲ್ಲಗೆ ಬಿಡಿಸಿಕೊಂಡು, ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಹೋದಳು. ಕಿಟಕಿಯಿಂದ ನೋಡಿದರೆ ರಸ್ತೆ ದಾಟುವಾಗ ಒಂದು ಗಾಡಿಯವನು ಹಾರ್ನ್ ಹೊಡೆದು ಏನೋ ಬೈದ. ಅವಳು ತಿರುಗಿ ನೋಡಲಿಲ್ಲ.

ಮಾವ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. ಮತ್ತೆ ಒರೆಸಿದರು.

“ಮುಂದಿನ ನಂಬರ್ ಹೊಡಿ” ಎಂದರು.

“ಮಾವ, ಅವರೆಲ್ಲ ಮನೆಗೆ ಬಂದಾಗಿದೆ. ಈಗ ಯಾಕೆ?”

“ನಾನು ಕಳಿಸ್ತೀನಿ ಅಂತ ಮಾತು ಕೊಟ್ಟಿದ್ದೆ ಕಣೋ. ಹೊಡಿ.”

ಅಳಿಯ ಫೋನ್ ಎತ್ತಿಕೊಂಡ. ಆ ಕಡೆಯಿಂದ ಒಬ್ಬ ಹೆಂಗಸು ನಗುತ್ತ, “ಬಂದಿದ್ದಾರಲ್ಲ ಬಿಡಿ, ಇಲ್ಲೇ ಊಟಕ್ಕೆ ಕೂತಿದ್ದಾರೆ, ಈಗ ಆ ಸಂದೇಶ ಏನಕ್ಕೆ?” ಎಂದಳು. ಆದರೂ ಅವನು ಓದಿದ. ಅವಳಿಗೆ ಕೇಳಿಸಿತೋ ಇಲ್ಲವೋ, ತಟ್ಟೆಯ ಸದ್ದು, ಮಕ್ಕಳ ಗಲಾಟೆ. ಮುಂದಿನವರು ಫೋನ್ ಎತ್ತಲಿಲ್ಲ. ಅದರ ಮುಂದಿನವನು ನಂಬರ್ ತಪ್ಪಾಗಿದೆ ಎಂದ. ಮಾವ ಪೆನ್ಸಿಲಿನಿಂದ ಒಂದೊಂದರ ಪಕ್ಕ ಗುರುತು ಹಾಕುತ್ತ ಹೋದರು. ಮಧ್ಯಾಹ್ನದ ಹೊತ್ತಿಗೆ ಹದಿನೆಂಟು ಮುಗಿದಿದ್ದವು. ಪೋಸ್ಟಮ್ಮ ಊಟದ ಡಬ್ಬಿ ಬಿಚ್ಚಿದರು, ಮೂವರಲ್ಲಿ ಒಬ್ಬರೂ ಕೈ ಹಾಕಲಿಲ್ಲ.